ಬಟ್ಟೆ ಕರಗಿದ ಮೇಲೂ ನಿಲ್ಲುವ ಹಿಮಹರಳು: ಕ್ರಿಸ್‌ಮಸ್ ಮರಕ್ಕೆ ಕಸೂತಿ ಯಂತ್ರದ ಲೇಸ್ ಅಲಂಕಾರ

ಎಳೆಸಾಲು (ಕೆಮ್ನಿಟ್ಸ್, ಜರ್ಮನಿ)

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಹಿಮಹರಳನ್ನು ಬಟ್ಟೆಯೇ ಇಲ್ಲದ ಲೇಸ್ ಆಗಿ ಕಸೂತಿ ಯಂತ್ರದಲ್ಲಿ ಹೊಲಿಯುವುದು ಹೇಗೆಂದು ಇಲ್ಲಿ ಹಲವರು ಕೇಳಿದ್ದಾರೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ನನಗೆ ತಿಳಿದಿರುವುದನ್ನು ಒಂದೆಡೆ ಬರೆಯುತ್ತಿದ್ದೇನೆ. ಅನುಭವವುಳ್ಳವರು ದಯವಿಟ್ಟು ಸೇರಿಸಿರಿ.

ಈ ವಿದ್ಯೆಗೆ ಹೆಸರು ತಂದ ಪ್ಲೌವೆನ್ ಪಟ್ಟಣವು ನಾನಿರುವ ಸ್ಯಾಕ್ಸನಿ ರಾಜ್ಯದಲ್ಲೇ ಇದೆ. 1863ರಲ್ಲಿ ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ ರೂಪಿಸಿದ ಷಿಫ್ಲಿ ಯಂತ್ರವು ಸೂಜಿಯ ದಾರವನ್ನು ಹಿಂಬದಿಯ ಲಾಳಿಯ ದಾರಕ್ಕೆ ಸಿಕ್ಕಿಸುವ ಹೊಲಿಗೆಯನ್ನು ಕಸೂತಿಗೆ ತಂದಿತು. ನಮ್ಮ ಮನೆಯ ಯಂತ್ರಗಳು ಇಂದಿಗೂ ಹೊಲಿಯುವುದು ಅದೇ ತತ್ವದಲ್ಲಿ. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮತ್ತು ಪ್ಲೌವೆನ್‌ಗಳ ಕಸುಬುದಾರರು ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಕಸೂತಿ ಹಾಕಿ, ಆಮೇಲೆ ಬಟ್ಟೆಯನ್ನು ರಾಸಾಯನಿಕದಲ್ಲಿ ಮುಳುಗಿಸತೊಡಗಿದರು. ರೇಷ್ಮೆ ಪ್ರೋಟೀನಿನ ನೂಲಾದುದರಿಂದ ಕ್ಷಾರದಲ್ಲಿ ಕರಗಿಹೋಗುತ್ತಿತ್ತು. ಹತ್ತಿಯ ಕಸೂತಿ ಮಾತ್ರ ಲೇಸ್ ಆಗಿ ಉಳಿಯುತ್ತಿತ್ತು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ಲೌವೆನ್ ಲೇಸಿಗೆ ಅತ್ಯುನ್ನತ ಬಹುಮಾನ ದೊರೆಯಿತು. ಇಂದಿಗೂ ಡಿಸೆಂಬರ್ ಬಂದರೆ ಈ ಸೀಮೆಯ ಮನೆಗಳ ಕಿಟಕಿಗಳಲ್ಲಿ ಲೇಸಿನ ನಕ್ಷತ್ರ, ಗಂಟೆ, ದೇವದೂತರ ಆಕೃತಿಗಳು ತೂಗುತ್ತಿರುತ್ತವೆ. ನಾವು ಮನೆಯಲ್ಲಿ ಮಾಡುವುದೂ ಇದೇ ಕೆಲಸ. ರೇಷ್ಮೆಯ ಜಾಗದಲ್ಲಿ ನಮಗೆ ಪಾಲಿವಿನೈಲ್ ಆಲ್ಕೋಹಾಲಿನಿಂದ ಮಾಡಿದ, ಬರಿಯ ನೀರಿನಲ್ಲಿ ಕರಗುವ ಸ್ಟೆಬಿಲೈಸರ್, ಅಂದರೆ ಹೊಲಿಯುವಾಗ ಹೊಲಿಗೆಗಳನ್ನು ಹಿಡಿದಿಡುವ ಹಾಳೆ, ಇದೆ ಎಂಬುದಷ್ಟೇ ವ್ಯತ್ಯಾಸ.

ನಾನು ಒತ್ತಿ ಹೇಳಬಯಸುವ ಮಾತು ಒಂದೇ. ಬಟ್ಟೆಯ ಮೇಲಿನ ಕಸೂತಿಯಲ್ಲಿ ಪ್ರತಿಯೊಂದು ಹೊಲಿಗೆಯನ್ನೂ ಬಟ್ಟೆ ಹಿಡಿದಿರುತ್ತದೆ. ಲೇಸಿನಲ್ಲಿ ಒಂದು ದಾರವನ್ನು ಇನ್ನೊಂದು ದಾರವೇ ಹಿಡಿಯಬೇಕು. ಆದ್ದರಿಂದ ಕಣ್ಣಿಗೆ ಕಾಣುವ, ಎಳೆಗಳು ಪಕ್ಕಪಕ್ಕದಲ್ಲಿ ಒತ್ತಾಗಿ ಕೂರುವ ಹೊಳಪಿನ ಸ್ಯಾಟಿನ್ ಹೊಲಿಗೆಗಿಂತ ಮೊದಲು, ಅದರೊಳಗೆ ಅಡಗುವ ಜಾಲರಿಯ ಬಗ್ಗೆ ಯೋಚಿಸಬೇಕು. ಮಲ್ಲಿಗೆ ಬಳ್ಳಿಗೆ ಚಪ್ಪರ ಹೇಗೋ ಸ್ಯಾಟಿನ್ ಹೊಲಿಗೆಗೆ ಈ ಜಾಲರಿ ಹಾಗೆ. ಯಂತ್ರ ಎಷ್ಟೇ ದುಬಾರಿಯದಾದರೂ ಜಾಲರಿ ಇಲ್ಲದ ವಿನ್ಯಾಸವನ್ನು ಅದು ಉಳಿಸಿಕೊಡಲಾರದು.

ಸಾಮಗ್ರಿಯ ವಿಚಾರಕ್ಕೆ ಬರುತ್ತೇನೆ. ಸ್ಟೆಬಿಲೈಸರ್‌ನಲ್ಲಿ ಎರಡು ಬಗೆಗಳಿವೆ: ಪ್ಲಾಸ್ಟಿಕ್ ಹಾಳೆಯಂತೆ ಕಾಣುವ ಪಾರದರ್ಶಕ ಫಿಲ್ಮ್ ಮತ್ತು ತೆಳು ಬಟ್ಟೆಯಂತೆ ಕಾಣುವ ನಾರಿನ ಹಾಳೆ. ಟವೆಲಿನ ಮೇಲೆ ಹಾಸುವ ತೆಳುವಾದ ಫಿಲ್ಮ್ ಲೇಸಿಗೆ ಸಾಲದು, ಸೂಜಿ ಸಾಲಾಗಿ ಚುಚ್ಚಿದಲ್ಲೆಲ್ಲ ಅದು ಹರಿಯುತ್ತದೆ. ನಾರಿನ ಹಾಳೆಯನ್ನು ಎರಡು ಪದರ ಮಾಡಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ತಿರುಗಿಸಿಟ್ಟು ಫ್ರೇಮಿಗೆ ಬಿಗಿಯುವುದು ಉತ್ತಮ. ಈ ಹಾಳೆ ಫ್ರೇಮಿನಲ್ಲಿ ಜಾರುವುದುಂಟು. ಒಳಬಳೆಗೆ ಹತ್ತಿಯ ಪಟ್ಟಿಯನ್ನು ಸುತ್ತಿದರೆ ಹಿಡಿತ ಸಿಗುತ್ತದೆ. ದಾರ 40 ನಂಬರಿನ ಪಾಲಿಯೆಸ್ಟರ್ ಇರಲಿ. ರೇಯಾನ್ ದಾರದ ಹೊಳಪು ಮನಸೆಳೆಯುವಂಥದ್ದಾದರೂ ಒದ್ದೆಯಾದಾಗ ಅದರ ಬಲ ಬಹಳವಾಗಿ ಕುಗ್ಗುತ್ತದೆ, ನಮ್ಮ ಕೆಲಸವಾದರೋ ನೀರಿನಲ್ಲೇ ಮುಗಿಯುವಂಥದ್ದು. ಸೂಜಿ 75/11 ಸಾಕು. ಅದು ಹೊಸದಾಗಿರಲಿ.

ಅಲಂಕಾರವು ಮರದಲ್ಲಿ ತಿರುಗುತ್ತಿರುವುದರಿಂದ ಎರಡೂ ಮುಖಗಳು ಕಾಣುತ್ತವೆ. ಆದ್ದರಿಂದ ಕೆಳಗಿನ ದಾರದ ಉರುಳೆಯಾದ ಬಾಬಿನ್‌ಗೂ ಮೇಲಿನ ದಾರವನ್ನೇ ಸುತ್ತಬೇಕು. ಈ ದಾರವು ಕಸೂತಿಗೆ ಸಾಮಾನ್ಯವಾಗಿ ಬಳಸುವ ಬಾಬಿನ್ ದಾರಕ್ಕಿಂತ ದಪ್ಪವಿರುವುದರಿಂದ ಬಾಬಿನ್ ಕೇಸಿನ ತಿರುಪನ್ನು ತುಸು ಸಡಿಲಿಸಬೇಕಾಗಬಹುದು. ಲೇಸಿಗಾಗಿಯೇ ಇನ್ನೊಂದು ಬಾಬಿನ್ ಕೇಸ್ ಇಟ್ಟುಕೊಂಡರೆ ದಿನನಿತ್ಯದ ಟೆನ್ಶನ್ (ದಾರದ ಬಿಗಿ) ಕೆಡುವುದಿಲ್ಲ. ವೇಗವನ್ನು ನಿಮಿಷಕ್ಕೆ 400ರಿಂದ 600 ಹೊಲಿಗೆಗಳ ಒಳಗೆ ಇಡಿರಿ. ಹತ್ತು ಸಾವಿರ ಹೊಲಿಗೆಗಳ ಒಂದು ಹಿಮಹರಳು 500ರ ವೇಗದಲ್ಲಿ ಇಪ್ಪತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಅವಸರಕ್ಕೆ ಕಾರಣವಿಲ್ಲ.

ಹೊಸಹೊಲಿಗೆ (ಶಿವಮೊಗ್ಗ)

ಎಳೆಸಾಲು ಅಕ್ಕ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ನನ್ನ ಪ್ರಶ್ನೆ ನೀವು ಹೇಳಿದ ಜಾಲರಿಯ ಕುರಿತೇ ಇದೆ. ನನ್ನದು 10 ಸೆಂಟಿಮೀಟರ್ ಚೌಕದ ಫ್ರೇಮ್ ಇರುವ ಸಣ್ಣ ಯಂತ್ರ. ಹಣ ಕೊಟ್ಟು ಕೊಂಡ ಒಂದು ಹಿಮಹರಳಿನ ವಿನ್ಯಾಸವನ್ನು ಹೊಲಿದಾಗ ಫ್ರೇಮಿನಲ್ಲಿರುವವರೆಗೂ ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಬೆಚ್ಚಗಿನ ನೀರಿಗೆ ಹಾಕಿದ ಕೂಡಲೇ ತೋಳುಗಳು ನಡುವಿನಿಂದ ಬೇರ್ಪಟ್ಟವು, ಕೆಲವು ಕಡೆ ಸ್ಯಾಟಿನ್ ಹೊಲಿಗೆ ಬಿಚ್ಚಿಕೊಂಡು ಬರಿಯ ದಾರದ ಸುರುಳಿಯಾಯಿತು. ಅದು ಲೇಸಿನ ವಿನ್ಯಾಸವೆಂದೇ ಮಾರಾಟವಾದದ್ದು. ಹೊಲಿಯುವ ಮೊದಲೇ ಇದನ್ನು ಕಂಡುಹಿಡಿಯುವ ದಾರಿ ಇದೆಯೇ?

ಎಳೆಸಾಲು (ಕೆಮ್ನಿಟ್ಸ್, ಜರ್ಮನಿ)

ಇದೆ, ಮತ್ತು ಅದು ಕಷ್ಟವೂ ಅಲ್ಲ. ವಿನ್ಯಾಸದ ಕಡತವನ್ನು ಯಂತ್ರಕ್ಕೆ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಹೊಲಿಗೆಯ ಓಟವನ್ನು ನಿಧಾನವಾಗಿ ನಡೆಸಿ ನೋಡಿರಿ. ಇಂಕ್‌ಸ್ಕೇಪ್ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಇಂಕ್‌ಸ್ಟಿಚ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಕಸೂತಿ ಯಂತ್ರಗಳು ಬಳಸುವ ಡಿಎಸ್‌ಟಿ, ಪಿಇಎಸ್, ಜೆಇಎಫ್ ಬಗೆಯ ಕಡತಗಳನ್ನು ಅದು ತೆರೆಯುತ್ತದೆ. ಓಟವನ್ನು ನೋಡುವಾಗ ಮೂರು ಸಂಗತಿಗಳನ್ನು ಗಮನಿಸಿರಿ.

ಮೊದಲನೆಯದಾಗಿ, ಪ್ರತಿ ತೋಳಿನಲ್ಲೂ ಸ್ಯಾಟಿನ್ ಬರುವ ಮೊದಲು ರನ್ನಿಂಗ್ ಹೊಲಿಗೆಯ (ಒಂದೇ ಎಳೆಯ ಸಾದಾ ಹೊಲಿಗೆಯ) ಸಾಲುಗಳು ಹರಿಯಬೇಕು, ಮತ್ತು ಅವು ಒಂದೇ ದಿಕ್ಕಿನಲ್ಲಿ ಓಡಿದರೆ ಸಾಲದು, ಒಂದನ್ನೊಂದು ಕತ್ತರಿಸಬೇಕು. ನಾನು ಹೊಲಿಗೆಯ ಉದ್ದವನ್ನು 2ರಿಂದ 2.5 ಮಿಲಿಮೀಟರ್, ಜಾಲರಿಯ ಕಣ್ಣನ್ನೂ ಹೆಚ್ಚುಕಡಿಮೆ ಅಷ್ಟೇ ಇಡುತ್ತೇನೆ. ಸ್ಯಾಟಿನ್ ಹೊಲಿಗೆಯಲ್ಲಿ ಸೂಜಿ ಎಡ ಅಂಚಿಗೊಮ್ಮೆ ಬಲ ಅಂಚಿಗೊಮ್ಮೆ ಇಳಿಯುತ್ತದೆಯಲ್ಲದೆ ನಡುವೆ ಎಲ್ಲೂ ಇಳಿಯುವುದಿಲ್ಲ. ಹಾಳೆ ಕರಗಿದಾಗ ಆ ಅಂಚುಗಳಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ನೀವು ಹೇಳಿದ ಸುರುಳಿಯೇ ಉಳಿಯುತ್ತದೆ. ಎರಡನೆಯದಾಗಿ, ತೋಳುಗಳು ನಡುವಿನ ಭಾಗವನ್ನು ಬರಿದೇ ಮುಟ್ಟಿದರೆ ಸಾಲದು. ಒಂದರ ಜಾಲರಿ ಇನ್ನೊಂದರ ಒಳಗೆ ಕನಿಷ್ಠ ಎರಡು ಮೂರು ಮಿಲಿಮೀಟರಿನಷ್ಟು ಹೊಕ್ಕಿರಬೇಕು. ಪರದೆಯ ಮೇಲೆ ಅಂಚಿಗೆ ಅಂಚು ಕೂಡಿದಂತೆ ಕಂಡರೂ ಹೊಲಿಯುವಾಗ ದಾರದ ಎಳೆತಕ್ಕೆ ಹಾಳೆ ಸ್ವಲ್ಪ ಒಳಸರಿಯುವುದರಿಂದ ಆ ಕೂಡುಗೆರೆ ತೆರೆದುಕೊಳ್ಳುತ್ತದೆ. ಮೂರನೆಯದು ಕ್ರಮ. ಆರೂ ತೋಳುಗಳ ಜಾಲರಿ ಒಟ್ಟಿಗೆ ಮೊದಲು ಮುಗಿದು, ಆಮೇಲೆ ನಡುವಿನಿಂದ ಹೊರಕ್ಕೆ ಸ್ಯಾಟಿನ್ ಬಂದರೆ ಆಕಾರ ಸರಿಯಾಗಿ ಉಳಿಯುತ್ತದೆ. ಒಂದು ತೋಳನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹಾರುವ ವಿನ್ಯಾಸಗಳಲ್ಲಿ ಕೊನೆಯ ತೋಳು ಸ್ಥಾನ ತಪ್ಪಿರುವುದನ್ನು ಬಹಳ ಸಲ ಕಾಣಬಹುದು.

ನೀವು ಕೊಂಡ ಕಡತದಲ್ಲಿ ಜಾಲರಿ ಇಲ್ಲವೆಂದು ಖಚಿತವಾದರೆ ಮಾರಿದವರಿಗೆ ತಿಳಿಸಿ ಹಣ ಹಿಂದಿರುಗಿಸುವಂತೆ ಕೇಳಿರಿ. ಬಟ್ಟೆಯ ಮೇಲೆ ಹೊಲಿಯುವ ವಿನ್ಯಾಸವನ್ನು ಲೇಸಿನದೆಂದು ಮಾರುವುದು ನ್ಯಾಯವಲ್ಲ.

ಕಡಲತೀರ (ಮಂಗಳೂರು)

ನಮಸ್ಕಾರ. ನಮ್ಮಲ್ಲಿ ಕ್ರಿಸ್‌ಮಸ್ ಎಂದರೆ ಮನೆಯೆದುರಿನ ನಕ್ಷತ್ರದ ಗೂಡುದೀಪ, ಗೋದಲಿ ಮತ್ತು ಕುಸ್ವಾರ್ ಎಂಬ ಹಬ್ಬದ ತಿಂಡಿಗಳು. ಮರದ ಅಲಂಕಾರವೂ ಈಗ ಮನೆಮನೆಯಲ್ಲಿದೆ. ನಾನು ಹಿಮಹರಳಿಗಿಂತ ನಕ್ಷತ್ರಗಳನ್ನೇ ಹೆಚ್ಚು ಹೊಲಿಯುತ್ತೇನೆ, ವಿಧಾನ ಒಂದೇ. ಆದರೆ ನಮ್ಮ ಹವೆಯಲ್ಲಿ ಬೇರೊಂದು ತೊಡಕಿದೆ. ಸ್ಟೆಬಿಲೈಸರ್ ಪೂರ್ತಿ ತೊಳೆಯದೆ ಸ್ವಲ್ಪ ಉಳಿಸಿಕೊಂಡರೆ ಒಣಗಿದ ಮೇಲೆ ಲೇಸ್ ಗಟ್ಟಿಯಾಗಿ ನಿಲ್ಲುತ್ತದೆಂದು ಎಲ್ಲ ಕಡೆ ಹೇಳುತ್ತಾರೆ, ಮತ್ತು ಅದು ಆ ದಿನಕ್ಕೆ ನಿಜವೇ. ಆದರೆ ಕಡಲ ತೇವಕ್ಕೆ ಆ ಗಟ್ಟಿತನ ಕೆಲವು ದಿನಗಳಲ್ಲಿ ಸಡಿಲವಾಗಿ ತುದಿಗಳು ಬಾಗುತ್ತವೆ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಕ್ಕಿ ಗಂಜಿ ಹಾಕಬಹುದೆಂದು ನನ್ನ ಅತ್ತೆ ಹೇಳುತ್ತಾರೆ, ಆದರೆ ಜಿರಳೆಯ ಭಯ. ಕರಾವಳಿಯವರು ಏನು ಮಾಡಬೇಕು?

ಎಳೆಸಾಲು (ಕೆಮ್ನಿಟ್ಸ್, ಜರ್ಮನಿ)

ಬಹಳ ಮುಖ್ಯವಾದ ಪ್ರಶ್ನೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಒಣ ಕೋಣೆಗಳಲ್ಲಿ ಕುಳಿತು ಬರೆಯುವವರಿಗೆ ಇದು ಹೊಳೆಯುವುದೇ ಇಲ್ಲ. ಪಾಲಿವಿನೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಹೀರಿದಂತೆ ಮೆತ್ತಗಾಗುತ್ತದೆ. ಆದ್ದರಿಂದ ಕರಾವಳಿಯಲ್ಲಿ ಅದನ್ನು ನೆಚ್ಚಬಾರದು. ಹಲವು ಸಲ ನೀರು ಬದಲಿಸಿ, ಬೆರಳಿಗೆ ಲೋಳೆ ತಗಲದಷ್ಟು ಪೂರ್ತಿಯಾಗಿ ತೊಳೆದುಬಿಡಿರಿ. ಅನಂತರ ಬಡಗಿಗಳು ಬಳಸುವ ಫೆವಿಕಾಲ್‌ನಂಥ ಬಿಳಿ ಅಂಟನ್ನು ಒಂದು ಪಾಲಿಗೆ ಎರಡು ಪಾಲು ನೀರು ಸೇರಿಸಿ ಕದಡಿ, ಲೇಸನ್ನು ಅದರಲ್ಲಿ ಅದ್ದಿ, ಹೆಚ್ಚಾದದ್ದನ್ನು ಹಳೆಯ ಟವೆಲಿನಲ್ಲಿ ಒತ್ತಿ ತೆಗೆಯಿರಿ. ಅದು ಪಾಲಿವಿನೈಲ್ ಅಸಿಟೇಟ್. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ ಮತ್ತು ಗಾಳಿಯ ತೇವಕ್ಕೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಒಗೆದರೆ ಮಾತ್ರ ಕೆಡಬಹುದು. ಗಂಜಿಯ ಬಗ್ಗೆ ನಿಮ್ಮ ಭಯ ಸರಿಯಾದುದು, ಜಿರಳೆಯಷ್ಟೇ ಅಲ್ಲದೆ ಬೂಸ್ಟೂ ಹಿಡಿಯುತ್ತದೆ.

ಒಣಗಿಸುವ ವಿಧಾನವೂ ಆಕಾರವನ್ನು ನಿರ್ಧರಿಸುತ್ತದೆ. ಕಾಗದದ ಮೇಲೆ ಒಂದು ಬಿಂದುವಿನಿಂದ 60 ಡಿಗ್ರಿಯ ಅಂತರದಲ್ಲಿ ಆರು ಗೆರೆಗಳನ್ನು ಎಳೆದು, ಅದನ್ನು ಥರ್ಮಾಕೋಲ್ ಹಲಗೆಯ ಮೇಲಿಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ಒದ್ದೆ ಲೇಸಿನ ನಡುವನ್ನು ಬಿಂದುವಿಗೂ ತುದಿಗಳನ್ನು ಗೆರೆಗಳಿಗೂ ಹೊಂದಿಸಿ ಗುಂಡುಸೂಜಿ ಚುಚ್ಚಿರಿ. ಸೂಜಿಗಳು ತುಕ್ಕು ಹಿಡಿಯದವಾಗಿರಬೇಕು, ಬಿಳಿ ದಾರದ ಮೇಲಿನ ತುಕ್ಕಿನ ಕಲೆ ಹೋಗುವುದಿಲ್ಲ. ಐದು ತುದಿಯ ನಕ್ಷತ್ರವಾದರೆ ಗೆರೆಗಳ ಅಂತರ 72 ಡಿಗ್ರಿ.

ಹೊಳೆದಂಡೆ (ಎಡ್ಮಂಟನ್, ಕೆನಡಾ)

ಇದರ ಇನ್ನೊಂದು ಮುಖವನ್ನು ಹೇಳುತ್ತೇನೆ. ಇಲ್ಲಿಯ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಪಾರದರ್ಶಕ ಫಿಲ್ಮ್ ಗರಿಗರಿಯಾಗಿ, ಫ್ರೇಮಿಗೆ ಬಿಗಿಯುವಾಗಲೇ ಸೀಳುತ್ತದೆ. ಅದನ್ನು ಗಾಳಿಯಾಡದ ಜಿಪ್ ಚೀಲದಲ್ಲೇ ಇಟ್ಟಿರಬೇಕು. ಬಳಸುವ ಹಿಂದಿನ ರಾತ್ರಿ ಚೀಲದೊಳಗೆ ಸಣ್ಣದೊಂದು ತೇವದ ಬಟ್ಟೆಯನ್ನು ಹಾಳೆಗೆ ತಾಗದಂತೆ ಇಟ್ಟರೆ ಮತ್ತೆ ಮೆತುವಾಗುತ್ತದೆ. ಮಂಗಳೂರಿನವರಿಗೂ ಚೀಲವೇ ಪರಿಹಾರ, ಕಾರಣ ಮಾತ್ರ ತಿರುಗುಮುರುಗು.

ನೂಲಂಗಡಿ (ಬೆಂಗಳೂರು)

ನಾನು ಕಂಪ್ಯೂಟರ್ ಎಂಬ್ರಾಯಿಡರಿಯ ಜಾಬ್‌ವರ್ಕ್ ಮಾಡುವವನು. ನಮ್ಮ ಕೆಲಸ ಹೆಚ್ಚಾಗಿ ರವಿಕೆ ಮತ್ತು ಸೀರೆಯ ಅಂಚಿನದು. ನವೆಂಬರ್‌ನಲ್ಲಿ ಇಂಥ ಅಲಂಕಾರಗಳಿಗೂ ಬೇಡಿಕೆ ಬರುತ್ತದೆ, ಮತ್ತು ಗ್ರಾಹಕರು ಮೊದಲು ಕೇಳುವುದು ಬೆಳ್ಳಿ ಬಣ್ಣದ ಜರಿ. ಎಳೆಸಾಲು ಮೇಡಂ ಅದರ ಬಗ್ಗೆ ಬರೆದಿಲ್ಲವಾದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಇಡೀ ಲೇಸನ್ನು ಜರಿಯಲ್ಲಿ ಹೊಲಿಯಬೇಡಿರಿ. ಜರಿ ದಾರವೆಂದರೆ ನೂಲಿನ ಸುತ್ತ ಲೋಹದ ಹೊಳಪಿನ ತೆಳು ಪಟ್ಟಿ ಸುತ್ತಿದ್ದು; ಅದು ಸೂಜಿಯ ಕಣ್ಣಿನಲ್ಲಿ ಉಜ್ಜಿ ಬಿಚ್ಚಿಕೊಳ್ಳುತ್ತದೆ, ಸುರುಳಿಯಾಗುತ್ತದೆ, ಒಂದರ ಮೇಲೊಂದು ಹೊಲಿಗೆ ಬಿದ್ದಲ್ಲಿ ತುಂಡಾಗುತ್ತದೆ. ಜಾಲರಿ ಮತ್ತು ಕೆಳಗಿನ ಸ್ಯಾಟಿನ್ ಎರಡನ್ನೂ ಬಿಳಿ ಅಥವಾ ತಿಳಿ ಬೂದು ಪಾಲಿಯೆಸ್ಟರ್‌ನಲ್ಲಿ ಮುಗಿಸಿ, ಕಡೆಯ ಒಂದು ಪದರವನ್ನು ಮಾತ್ರ ಜರಿಯಲ್ಲಿ, ಸಾಮಾನ್ಯಕ್ಕಿಂತ ವಿರಳವಾಗಿ ಹೊಲಿದರೆ ಬೆಳಕಿಗೆ ಸಾಕಷ್ಟು ಮಿನುಗುತ್ತದೆ. ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ಮೇಲಿನ ಟೆನ್ಶನ್ ಇಳಿಸಿ, ವೇಗವನ್ನು ಯಂತ್ರ ಒಪ್ಪುವ ಕನಿಷ್ಠಕ್ಕೆ ತನ್ನಿರಿ. ದಾರದ ರೀಲನ್ನು ಯಂತ್ರದಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದರೆ ಸುರುಳಿ ಬಿಚ್ಚಿಕೊಳ್ಳಲು ಅದಕ್ಕೆ ದಾರಿ ಸಿಗುತ್ತದೆ. ಬಾಬಿನ್‌ಗೆ ಜರಿ ಸುತ್ತುವುದು ಬೇಡ.

ಇನ್ನೊಂದು ವಿಷಯ. ಸೂಜಿ ಒಂದು ಭಾಗದಿಂದ ಇನ್ನೊಂದಕ್ಕೆ ಹಾರುವಾಗ ನಡುವೆ ಉಳಿಯುವ ಜಂಪ್ ದಾರಗಳನ್ನು ನೀರಿಗೆ ಹಾಕುವ ಮೊದಲೇ, ಹಾಳೆ ಗಟ್ಟಿಯಾಗಿರುವಾಗಲೇ, ಬಾಗಿದ ತುದಿಯ ಕತ್ತರಿಯಿಂದ ಎರಡೂ ಬದಿಯಲ್ಲಿ ಕತ್ತರಿಸಬೇಕು. ಒದ್ದೆಯಾದ ಮೇಲೆ ಯಾವುದು ಬೇಡದ ದಾರ, ಯಾವುದು ಲೇಸಿನ ದಾರವೆಂದು ತಿಳಿಯುವುದಿಲ್ಲ.

ಗವಂತಿ (ಧಾರವಾಡ)

ಈ ಚರ್ಚೆಯನ್ನು ಬಹಳ ಸಂತೋಷದಿಂದ ಓದುತ್ತಿದ್ದೇನೆ. ನಾನು ಕೈಕಸೂತಿಯವಳು. ನಮ್ಮ ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿಯಲ್ಲಿ ವಿನ್ಯಾಸ ಒಂದೇ ರೀತಿ ಕಾಣಬೇಕು. ಹೋದ ದಾರಿಯಲ್ಲೇ ಹಿಂದಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುವುದು ಗವಂತಿಯ ಕ್ರಮ, ಆದ್ದರಿಂದ ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ನೀವು ಹೇಳುವ ಜಾಲರಿಯ ಓಟವೂ ಅದೇ ಲೆಕ್ಕವನ್ನು ಬೇಡುತ್ತದೆಂದು ನನಗೆ ತೋರುತ್ತದೆ. ಮಗಳ ಯಂತ್ರದಲ್ಲಿ ಪ್ರಯತ್ನಿಸುವ ಮನಸ್ಸಾಗಿದೆ.

ಒಂದು ಸಂದೇಹ. ನಾನು ಕಾಗದದಲ್ಲಿ ಬರೆದ ಹಿಮಹರಳಿಗೆ ಎಂಟು ತೋಳುಗಳಿವೆ, ಅಂಗಡಿಯ ಅಲಂಕಾರಗಳಲ್ಲೂ ಎಂಟನ್ನು ನೋಡಿದ್ದೇನೆ. ಎಳೆಸಾಲು ಅವರು ಎಲ್ಲೆಡೆ ಆರು ಎಂದೇ ಬರೆಯುತ್ತಾರೆ. ಅದು ಅಷ್ಟು ಕಡ್ಡಾಯವೇ?

ಎಳೆಸಾಲು (ಕೆಮ್ನಿಟ್ಸ್, ಜರ್ಮನಿ)

ಗವಂತಿ ಅಮ್ಮ, ನಿಮ್ಮ ಲೆಕ್ಕ ಇಲ್ಲಿಗೆ ನೇರವಾಗಿ ಹೊಂದುತ್ತದೆ. ತೋಳಿನುದ್ದಕ್ಕೂ ತುದಿಯವರೆಗೆ ಹೋಗಿ ಅದೇ ತೋಳಿನಲ್ಲಿ ನಡುವಿಗೆ ಮರಳಿ ಮುಂದಿನ ತೋಳಿಗೆ ಹೊರಡುವ ಓಟವನ್ನು ಹೆಣೆದರೆ ಒಂದು ಜಂಪ್ ದಾರವೂ ಇಲ್ಲದೆ ಇಡೀ ಜಾಲರಿ ಮುಗಿಯುತ್ತದೆ. ಗವಂತಿ ಬಲ್ಲವರು ಡಿಜಿಟೈಸಿಂಗ್, ಅಂದರೆ ಚಿತ್ರವನ್ನು ಯಂತ್ರದ ಹೊಲಿಗೆಗಳ ಕಡತವಾಗಿಸುವ ಕೆಲಸ, ಕಲಿಯುವುದನ್ನು ನಾನು ಮನಸಾರೆ ಬಯಸುತ್ತೇನೆ, ಏಕೆಂದರೆ ತಂತ್ರಾಂಶ ತಾನಾಗಿ ಹೂಡುವ ಓಟಗಳಲ್ಲಿ ಈ ಮುಂದಾಲೋಚನೆ ಇರುವುದಿಲ್ಲ.

ಆರರ ವಿಚಾರದಲ್ಲಿ ನನಗೆ ನಿಜವಾಗಿಯೂ ಹಟವಿದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನದ ಕಟ್ಟಿನಲ್ಲಿ ಕೂಡಿರುವುದರಿಂದ ಆಕಾಶದಿಂದ ಬೀಳುವ ನಕ್ಷತ್ರಾಕಾರದ ಹರಳಿಗೆ ಆರು ತೋಳುಗಳಿರುತ್ತವೆ. ಅಪರೂಪಕ್ಕೆ ಹನ್ನೆರಡು ಕಾಣುತ್ತವೆ, ಎಂಟು ಇಲ್ಲ. ಎಂಟು ಬಂದದ್ದು ನಮ್ಮ ಕೈಗಳ ಅನುಕೂಲದಿಂದ. ಕಾಗದವನ್ನು ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಎಂಟು ಭಾಗಗಳಾಗುತ್ತವೆ. ಎಳೆ ಎಣಿಸಿ ಹಾಕುವ ಕಸೂತಿಯಲ್ಲೂ ಹೆಣಿಗೆಯಲ್ಲೂ ನೇರ ಗೆರೆ ಮತ್ತು ಓರೆ ಗೆರೆ ಸುಲಭ, 60 ಡಿಗ್ರಿಯ ಗೆರೆ ಕಷ್ಟ. ನಾರ್ವೆಯ ಸೆಲ್ಬು ಊರಿನ ಕೈಗವಸುಗಳ ಪ್ರಸಿದ್ಧ ಹೂವಿಗೆ ಎಂಟು ಎಸಳಿರುವುದೂ ಹೆಣಿಗೆಯ ಚೌಕಗಳಿಗೆ ಅದು ಹೊಂದುವುದರಿಂದಲೇ. ಅದು ಹೂವಾಗಿ, ನಕ್ಷತ್ರವಾಗಿ ಬಹಳ ಸುಂದರ. ಆದರೆ ಕಸೂತಿ ಯಂತ್ರಕ್ಕೆ ಎಳೆಗಳ ಚೌಕದ ಬಂಧನವಿಲ್ಲ, ಯಾವ ಕೋನಕ್ಕೂ ಸೂಜಿ ಹೋಗಬಲ್ಲದು. ಒಂದು ತೋಳನ್ನು ಚೆನ್ನಾಗಿ ರೂಪಿಸಿ, 60 ಡಿಗ್ರಿಯಂತೆ ತಿರುಗಿಸಿ ಐದು ಪ್ರತಿಗಳನ್ನು ಮಾಡಿದರೆ ಮುಗಿಯಿತು. ಸುಲಭವಾಗಿ ಸಾಧ್ಯವಿರುವಾಗ ಹಿಮಹರಳಿಗೆ ಅದರ ನಿಜವಾದ ರೂಪವನ್ನು ಕೊಡೋಣ.

ಮಾದರಿ ಬೇಕಾದವರು ವಿಲ್ಸನ್ ಬೆಂಟ್ಲಿ ಅವರ ಚಿತ್ರಗಳನ್ನು ನೋಡಿರಿ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬಲ್ಲಿ ರೈತರಾಗಿದ್ದ ಅವರು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಹಿಮಹರಳಿನ ತಮ್ಮ ಮೊದಲ ಛಾಯಾಚಿತ್ರ ತೆಗೆದರು, ಜೀವಿತಾವಧಿಯಲ್ಲಿ 5,000ಕ್ಕೂ ಹೆಚ್ಚು ಹರಳುಗಳನ್ನು ಚಿತ್ರಿಸಿದರು. 1903ರಲ್ಲಿ ಅವರು ಸ್ಮಿತ್ಸೋನಿಯನ್ ಸಂಸ್ಥೆಗೆ 500 ಚಿತ್ರಗಳನ್ನು ಕಳುಹಿಸಿದ್ದರು. ಅವುಗಳಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದ ಹರಳುಗಳು ಮೊದಲು ಕಣ್ಸೆಳೆಯುತ್ತವೆ, ಆದರೆ ಅಷ್ಟು ಸಪೂರ ಕವಲುಗಳು ದಾರದಲ್ಲಿ ನಿಲ್ಲುವುದಿಲ್ಲ. ಅಗಲವಾದ ತೋಳು, ನಡುವೆ ಷಟ್ಕೋನದ ಹಲಗೆ ಇರುವ ಹರಳುಗಳನ್ನು ಆಯ್ದುಕೊಳ್ಳಿರಿ. ಸ್ಯಾಟಿನ್ ಪಟ್ಟಿಯ ಅಗಲ 2.5ರಿಂದ 4 ಮಿಲಿಮೀಟರ್ ಒಳಗಿದ್ದರೆ ಗಟ್ಟಿಯಾಗಿಯೂ ಇರುತ್ತದೆ, ಯಾವುದಕ್ಕಾದರೂ ಸಿಕ್ಕಿಕೊಂಡು ದಾರ ಎದ್ದು ಬರುವುದೂ ಇಲ್ಲ. ಪಕ್ಕದ ಕವಲುಗಳ ತುದಿಗಳನ್ನು ಸಣ್ಣ ಸೇತುವೆಯಿಂದ ಕೂಡಿಸಿದರೆ ಇಡೀ ಆಕೃತಿ ಇನ್ನಷ್ಟು ಸ್ಥಿರವಾಗುತ್ತದೆ. ನಿಜವಾದ ಹರಳಿನಲ್ಲಿ ಅಂಥ ಸೇತುವೆ ಇರುವುದಿಲ್ಲವೆಂಬುದು ನನಗೆ ಗೊತ್ತು. ಅಷ್ಟರಮಟ್ಟಿಗೆ ದಾರದ ಸ್ವಭಾವಕ್ಕೆ ಮಣಿಯಲೇಬೇಕು.

ಹೊಸಹೊಲಿಗೆ (ಶಿವಮೊಗ್ಗ)

ನೀವು ಹೇಳಿದಂತೆ ಕಡತವನ್ನು ತೆರೆದು ನೋಡಿದೆ. ಜಾಲರಿ ಎಲ್ಲೂ ಇಲ್ಲ, ನೇರವಾಗಿ ಸ್ಯಾಟಿನ್ ಹೊಲಿಗೆಯೇ ಶುರುವಾಗುತ್ತದೆ. ಮಾರಿದವರಿಗೆ ಬರೆದಿದ್ದೇನೆ. ಈಗ ಸ್ವಂತ ವಿನ್ಯಾಸ ಮಾಡಲು ಕುಳಿತಿದ್ದೇನೆ, ಎರಡು ಸಣ್ಣ ಪ್ರಶ್ನೆಗಳು: 10 ಸೆಂಟಿಮೀಟರ್ ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿ ಮಾಡಬಹುದು? ತೂಗುಹಾಕುವ ಕುಣಿಕೆಯನ್ನು ವಿನ್ಯಾಸದಲ್ಲೇ ಸೇರಿಸಬೇಕೇ?

ನೂಲಂಗಡಿ (ಬೆಂಗಳೂರು)

ಅಂಚಿನ ಹತ್ತಿರ ಹಾಳೆಯ ಎಳೆತ ಸಮವಾಗಿರುವುದಿಲ್ಲವಾದ್ದರಿಂದ 9 ಸೆಂಟಿಮೀಟರ್ ದಾಟಬೇಡಿರಿ. ಮುಗಿದ ವಿನ್ಯಾಸವನ್ನು ಯಂತ್ರದ ಪರದೆಯಲ್ಲಿ ಹಿಗ್ಗಿಸುವುದು, ಕುಗ್ಗಿಸುವುದು ಮಾಡಬೇಡಿರಿ. ಜಾಲರಿಯ ಕಣ್ಣು ಬದಲಾಗಿ ಲೆಕ್ಕವೆಲ್ಲ ಕೆಡುತ್ತದೆ. ಅಳತೆಯನ್ನು ಮೊದಲೇ ನಿರ್ಧರಿಸಿ ಆ ಅಳತೆಗೇ ಡಿಜಿಟೈಸ್ ಮಾಡಿರಿ.

ಎಳೆಸಾಲು (ಕೆಮ್ನಿಟ್ಸ್, ಜರ್ಮನಿ)

ಅಳತೆಯ ಬಗ್ಗೆ ನೂಲಂಗಡಿಯವರ ಮಾತೇ ನನ್ನ ಮಾತು. ಕುಣಿಕೆಯನ್ನು ಪ್ರತ್ಯೇಕವಾಗಿ ಹೊಲಿಯಬೇಡಿರಿ. ಒಂದು ತೋಳಿನ ತುದಿಯಲ್ಲಿ ಒಳಗೆ 4 ಮಿಲಿಮೀಟರ್ ತೆರವಿರುವ ಸಣ್ಣ ಬಳೆಯನ್ನು ಸೇರಿಸಿ, ಅದರ ಜಾಲರಿಯ ಸಾಲುಗಳು ತೋಳಿನ ಒಳಗಿನಿಂದಲೇ ಹೊರಟು ಬಳೆಯನ್ನು ಎರಡು ಸುತ್ತು ಸುತ್ತಿ ಮತ್ತೆ ತೋಳಿಗೆ ಮರಳುವಂತೆ ಮಾಡಿರಿ. ಆಮೇಲೆ ಅದರ ಮೇಲೆ ಸ್ಯಾಟಿನ್ ಬರಲಿ. ಇಡೀ ಅಲಂಕಾರದ ಭಾರವನ್ನು ಹೊರುವುದು ಆ ಬಳೆಯೇ ಆದ್ದರಿಂದ ಬೇರೆಡೆಗಿಂತ ಅಲ್ಲಿ ಒಂದು ಸುತ್ತು ಹೆಚ್ಚಾದರೂ ಚಿಂತೆಯಿಲ್ಲ. ದಾರ ಪೋಣಿಸುವುದು ಲೇಸ್ ಪೂರ್ತಿ ಒಣಗಿ ಸೂಜಿಗಳನ್ನು ತೆಗೆದ ಮೇಲೆ.